ಅಡಕೆಮರಕ್ಕೊಂದು ವೆಟ್‌ಸೂಟು

ನಮ್ಮ ಮನೆಯಲ್ಲಿ ಬಟ್ಟೆ ಕೊಳ್ಳುವುದಕ್ಕೆ ಒಂದು ನಿಯಮವುಂಟು. ಅದು ನಮ್ಮ ತೀರ್ಥರೂಪರ ಕಾಲದಿಂದ ನಡೆದುಬಂದದ್ದು. ಮಕ್ಕಳಿಗೆ ಅಂಗಿ ಕೊಳ್ಳುವಾಗ ಮೈಗೆ ಸರಿಯಾದುದನ್ನು ಎಂದೂ ಕೊಳ್ಳಬಾರದು. ಎರಡಂಗುಲ ದೊಡ್ಡದನ್ನೇ ಕೊಳ್ಳಬೇಕು. ಮೊದಲನೆಯ ವರ್ಷ ಅದು ಜೋತಾಡುತ್ತದೆ, ಎರಡನೆಯ ವರ್ಷ ಸರಿಹೋಗುತ್ತದೆ, ಮೂರನೆಯ ವರ್ಷ ತಮ್ಮನಿಗೆ ಇಳಿಯುತ್ತದೆ. ಊರು ಬಿಟ್ಟು ಮುಂಬಯಿಗೆ ಬಂದು, ಮನೆಬಾಡಿಗೆ, ಶಾಲೆಯ ಫೀಜು, ವರುಷಕ್ಕೊಮ್ಮೆ ಊರಿಗೆ ಹೋಗಿಬರುವ ರೈಲುಖರ್ಚು ಇವನ್ನೆಲ್ಲ ಒಂದೇ ಸಂಬಳದಲ್ಲಿ ಹೊಂದಿಸುವ ಮನೆಗಳಲ್ಲೆಲ್ಲ ಈ ನಿಯಮ ಇದ್ದೇ ಇರಬೇಕೆಂದು ನಮ್ಮ ಊಹೆ. ನಾವು ಸರಕಾರಿ ಕಚೇರಿಯ ಗುಮಾಸ್ತರು; ನಿಯಮವೆಂದರೆ ನಮಗೆ ಭಕ್ತಿ. ಆದರೆ ಕಳೆದ ವರ್ಷ ಅಕ್ಕನ ಮಗನಿಗಾಗಿ ಒಂದು ವಿಚಿತ್ರ ಉಡುಪನ್ನು ಹುಡುಕಹೊರಟಾಗ ಈ ನಿಯಮವೇ ನಮ್ಮನ್ನು ದಾರಿತಪ್ಪಿಸಿತು. ಆ ಕಥೆ ಹೇಳಬೇಕೆಂದೇ ಲೇಖನಿ ಹಿಡಿದಿದ್ದೇವೆ.

ಹುಡುಗ ಹೊನ್ನಾವರದ ನಮ್ಮ ಅಕ್ಕನ ಮಗ. ಕೆಲಸಕ್ಕೆಂದು ಇಲ್ಲಿಗೆ ಬಂದವನು ನಮ್ಮಲ್ಲಿಯೇ ಇದ್ದಾನೆ. ವಯಸ್ಸು 23. ಎತ್ತರ 6 ಅಡಿ 1 ಅಂಗುಲ. ತೂಕ 68 ಕಿಲೋ. ನಮ್ಮಾಕೆ ಅವನನ್ನು ಅಡಕೆಮರವೆಂದೇ ಕರೆಯುವುದು. ಸೊಂಟಕ್ಕೆ ಸರಿಯಾದ ಪ್ಯಾಂಟು ಕೊಂಡರೆ ಕಾಲು ಕಾಣುತ್ತದೆ. ಕಾಲಿಗೆ ಸರಿಯಾದುದನ್ನು ಕೊಂಡರೆ ಸೊಂಟದಲ್ಲಿ ಇನ್ನೊಬ್ಬನಿಗೆ ಜಾಗವಿರುತ್ತದೆ.

2022ರಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಯನ್ನು ಅವನು ನಮ್ಮೊಡನೆ ಕುಳಿತು ನೋಡಿದ. ಪುನೀತ್ ರಾಜ್‌ಕುಮಾರ್ ಅವರು ಸಮುದ್ರದೊಳಕ್ಕೆ ಇಳಿಯುವ ದೃಶ್ಯ ಬಂದಾಗ ನಾವು ಕಣ್ಣೊರಸಿಕೊಳ್ಳುತ್ತಿದ್ದರೆ ಅವನು ಕುರ್ಚಿಯ ತುದಿಗೆ ಬಂದಿದ್ದ. ಅಂದಿನಿಂದ ಅವನ ತಲೆಯಲ್ಲಿ ಸ್ಕೂಬಾ ಎಂಬ ಹುಳು ಹೊಕ್ಕಿತು. ಹೊನ್ನಾವರದವನಿಗೆ ನೇತ್ರಾಣಿ ದೂರದ್ದೇನಲ್ಲ. ಮುರುಡೇಶ್ವರದ ಕಡಲಿನಲ್ಲಿ ಹತ್ತು ಹನ್ನೊಂದು ಮೈಲಿ ಒಳಗೆ ಇರುವ ಗುಡ್ಡದಂಥ ದ್ವೀಪ ಅದು. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಅಲ್ಲಿಗೆ ದೋಣಿಗಳು ಹೋಗುತ್ತವೆ. ಹೊಸಬರಿಗೆ ಮುಳುಗುವ ವಿದ್ಯೆಯನ್ನು ಕಲಿಸುತ್ತಾರೆ. ಹುಡುಗ ಸಂಬಳದಲ್ಲಿ ಉಳಿಸಿ ಹಣ ಕಟ್ಟಿದ. ಅಕ್ಕನಿಗೆ ಇದು ಕೊಂಚವೂ ಇಷ್ಟವಿರಲಿಲ್ಲ. ಕಡಲ ದಡದಲ್ಲಿಯೇ ಹುಟ್ಟಿ ಬೆಳೆದವಳಾದರೂ, ಅಥವಾ ಅದಕ್ಕಾಗಿಯೇ, ಅವಳಿಗೆ ಕಡಲಿನ ಭಯ ಹೆಚ್ಚು. “ಒಂದು ಸಲ ಹೋಗಿ ಬರಲಿ, ಆಸೆ ತೀರಲಿ” ಎಂದು ನಾವೇ ಮಧ್ಯಸ್ಥರಾಗಿ ಒಪ್ಪಿಸಿದೆವು.

ಅಲ್ಲಿ ಕೊಳದ ಪಾಠಗಳು ಮುಗಿದ ಮೇಲೆ ಕಡಲಿನಲ್ಲಿ ನಾಲ್ಕು ಸಲ ಮುಳುಗಿ ತೋರಿಸಬೇಕು, ಆಗ ಪ್ರಮಾಣಪತ್ರ. ಮೊದಲನೆಯ ಸಲ ಹೇಗೋ ಆಯಿತು. ಎರಡನೆಯ ಸಲ ಇಳಿದು ಕಾಲು ಗಂಟೆಯಾಗುವುದರೊಳಗೆ ಹುಡುಗ ಗಡಗಡ ನಡುಗತೊಡಗಿದನಂತೆ. ಕಲಿಸುವವರು ನೋಡಿ, ಮೇಲಕ್ಕೆ ಹೋಗೋಣವೆಂದು ಹೆಬ್ಬೆರಳೆತ್ತಿ ಸನ್ನೆ ಮಾಡಿದರು. ದೋಣಿಯ ಮೇಲೆ ಬಂದರೂ ನಡುಕ ನಿಲ್ಲಲಿಲ್ಲ. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮರುದಿನ ಅವನು ದೋಣಿ ಹತ್ತಲಿಲ್ಲ. “ಸಮುದ್ರವೇ ಅವನನ್ನು ಬೇಡ ಅಂದಿತು. ಇನ್ನು ಆ ಮಾತು ಎತ್ತಬೇಡಿ” ಎಂದು ಅಕ್ಕ ಫೋನಿನಲ್ಲಿ ನಮಗೇ ತಾಕೀತು ಮಾಡಿದಳು. ಹುಡುಗ ಮುಂಬಯಿಗೆ ಬಂದು, ತಾನು ಕೊಂಡಿದ್ದ ಮುಖವಾಡದ ಕನ್ನಡಕವನ್ನು ಅಟ್ಟದ ಮೇಲಿಟ್ಟ. ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಸಪೂರ ಮೈಯವನು, ಚಳಿ ತಡೆಯಲಾರ ಎಂದು ನಾವೂ ತೀರ್ಮಾನ ಮಾಡಿದೆವು. ನಮ್ಮಾಕೆ ಅನ್ನಕ್ಕೆ ತುಪ್ಪ ಹೆಚ್ಚಿಸಿದಳು.

ತುಪ್ಪ ಬಡಿಸುವಾಗಲೇ ಅವಳು ಒಂದು ಪ್ರಶ್ನೆ ಕೇಳಿದಳು. ಹೆಂಗಸರಿಗೆ ಇಂಥ ಪ್ರಶ್ನೆ ಹೇಗೆ ಹೊಳೆಯುತ್ತದೋ! “ಅಲ್ಲವೋ, ಎಲ್ಲರಿಗೂ ರಬ್ಬರಿನ ಬಟ್ಟೆ ಕೊಟ್ಟಿದ್ದರಲ್ಲ, ನಿನ್ನದು ಮೈಗೆ ಹಿಡಿದಿತ್ತೋ, ಹೇಗೆ?”

“ಉದ್ದಕ್ಕೆ ಬೇಕು ಅಂತ ದೊಡ್ಡದು ಕೊಟ್ಟಿದ್ದರು ಅತ್ತೆ. ಕೈ ಆಡಿಸಿದಾಗಲೆಲ್ಲ ಕುತ್ತಿಗೆಯಿಂದ ತಣ್ಣೀರು ಒಳಗೆ ಹೋಗಿ ಬೆನ್ನ ಮೇಲೆ ಇಳಿಯುತ್ತಿತ್ತು. ಯಾರೋ ತಂಬಿಗೆಯಲ್ಲಿ ಹೊಯ್ದ ಹಾಗೆ.”

ಕೊಟ್ಟವರ ತಪ್ಪೇನೂ ಅಲ್ಲ. ಬಂದವರಿಗೆಲ್ಲ ಹಂಚಲು ಇಡುವ ಬಟ್ಟೆಗಳು ಸಾಮಾನ್ಯ ಮೈಕಟ್ಟಿನವು. ಅಡಕೆಮರಗಳು ದಿನವೂ ಬರುವುದಿಲ್ಲ. ಆದರೆ ಆ ತಂಬಿಗೆಯ ಮಾತು ನಮ್ಮ ತಲೆಯಲ್ಲಿ ಕೂತಿತು. ಬಿ.ಎ. ಓದಿದ ಮೇಲೆ ವಿಜ್ಞಾನದ ಗಂಧವಿಲ್ಲದಿದ್ದರೂ, ಕಡತ ಬಿಚ್ಚಿದರೆ ಕೊನೆಯ ಹಾಳೆಯವರೆಗೆ ನೋಡುವ ಅಭ್ಯಾಸ ನಮಗಿದೆ. ನೋಡಿದೆವು.

ವೆಟ್‌ಸೂಟೆಂದರೆ ನೀರು ಒಳಗೆ ಬರದಂತೆ ತಡೆಯುವ ಉಡುಪೆಂದೇ ನಾವು ತಿಳಿದಿದ್ದೆವು. ಹಾಗಲ್ಲ. ಹೆಸರೇ ಒದ್ದೆಯ ಉಡುಪು. ಅದರ ಬಟ್ಟೆ ನಿಯೋಪ್ರೀನ್ ಎಂಬ ಕೃತಕ ರಬ್ಬರು. ಅಮೆರಿಕದ ಡ್ಯುಪಾಂಟ್ ಕಂಪನಿಯವರು 1930ರಲ್ಲಿ ಕಂಡುಹಿಡಿದದ್ದು. ಅದನ್ನು ಇಡ್ಲಿಯ ಹಾಗೆ ಉಬ್ಬಿಸಿ, ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಗುಳ್ಳೆಗಳಿರುವಂತೆ ಮಾಡುತ್ತಾರೆ. ಆದರೆ ಇಡ್ಲಿಯ ತೂತು ಒಂದರೊಳಗೊಂದು ತೆರೆದಿರುತ್ತದೆ; ಇಲ್ಲಿ ಒಂದೊಂದು ಗುಳ್ಳೆಯೂ ಮುಚ್ಚಿದ ಡಬ್ಬಿ. ಆ ಗುಳ್ಳೆಯ ಅನಿಲವೇ ಬಿಸಿಯನ್ನು ಹೊರಗೆ ಬಿಡದೆ ಕಾಯುವುದು. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೌತಶಾಸ್ತ್ರಜ್ಞರಾಗಿದ್ದ ಹ್ಯೂ ಬ್ರಾಡ್ನರ್ ಎಂಬವರಿಗೆ ಇದು ಹೊಳೆಯಿತು. ಅದುವರೆಗೆ ಎಲ್ಲರೂ ಮುಳುಗುವವನ ಮೈಯನ್ನು ಒಣಗಿಸಿಡಲು ಹೆಣಗುತ್ತಿದ್ದರು. ಬ್ರಾಡ್ನರ್ ಅವರು, ಮೈ ಒದ್ದೆಯಾದರೆ ಆಗಲಿ, ಬೆಚ್ಚಗಿದ್ದರೆ ಸಾಕಲ್ಲವೇ ಎಂದರು. ಬಟ್ಟೆಗೂ ಮೈಗೂ ನಡುವೆ ತೆಳ್ಳನೆಯ ನೀರಿನ ಪೊರೆಯೊಂದು ಸೇರುತ್ತದೆ, ಮೈಯ ಬಿಸಿಗೆ ಅದು ಬೆಚ್ಚಗಾಗುತ್ತದೆ, ಆಮೇಲೆ ಅಲ್ಲಿಯೇ ನಿಲ್ಲುತ್ತದೆ.

ಅಲ್ಲಿಯೇ ನಿಲ್ಲಬೇಕು, ಅದೇ ಮರ್ಮ. ಸಡಿಲವಾದ ಬಟ್ಟೆಯಲ್ಲಿ ಅದು ನಿಲ್ಲುವುದಿಲ್ಲ. ಬೆಚ್ಚಗಾದ ನೀರು ಹೊರಕ್ಕೆ, ತಣ್ಣೀರು ಒಳಕ್ಕೆ. ಮತ್ತೆ ಮೈಯೇ ಅದನ್ನು ಕಾಯಿಸಬೇಕು. ಬಚ್ಚಲ ಹಂಡೆಗೆ ಒಂದು ಕಡೆ ಉರಿ ಹಾಕುತ್ತ ಇನ್ನೊಂದು ಕಡೆ ತಣ್ಣೀರು ಸುರಿಯುತ್ತ ಕುಳಿತ ಹಾಗೆ. ನೇತ್ರಾಣಿಯ ನೀರು ತಣ್ಣಗಿರುತ್ತದೆಯೇ ಎಂದು ನೀವು ಕೇಳಬಹುದು, ನಾವೂ ಕೇಳಿದೆವು. 27, 28 ಡಿಗ್ರಿ ಇರುತ್ತದೆ. ಅಷ್ಟೇ ಬಿಸಿಯ ಕೋಣೆಯಲ್ಲಿ ನಾವು ಫ್ಯಾನು ಹಾಕಿ ಕೂರುತ್ತೇವೆ. ಆದರೆ ನೀರು ಮೈಯ ಬಿಸಿಯನ್ನು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಒಯ್ಯುತ್ತದೆ. ಅದರಲ್ಲಿಯೂ ಉದ್ದವಾಗಿ ಸಪೂರವಾಗಿರುವವನ ಮೈಯಲ್ಲಿ ಕೊಬ್ಬು ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಎಲ್ಲರಿಗಿಂತ ಮೊದಲು ಚಳಿಯಾಗುವುದು ಅವನಿಗೆ. ಸರಿಯಾದ ಬಟ್ಟೆ ಸಿಕ್ಕದೆ ಹೋಗುವುದೂ ಅವನಿಗೇ.

ಇದು ಸುಖದ ಮಾತು ಮಾತ್ರವಲ್ಲ. ಚಳಿ ಹಿಡಿದವನು ಸಿಲಿಂಡರಿನ ಗಾಳಿಯನ್ನು ಬೇಗ ಖರ್ಚು ಮಾಡುತ್ತಾನೆ, ಬೆರಳು ಮರಗಟ್ಟಿ ಬಕಲು ಬಿಚ್ಚಲಾಗುವುದಿಲ್ಲ, ಬುದ್ಧಿ ಮಂಕಾಗುತ್ತದೆ. ನೀರಿನಡಿಯಲ್ಲಿ ಇವು ಮೂರೂ ಬೇಕಾದ ವಸ್ತುಗಳು. ಕಲಿಸುವವರು ಹುಡುಗನನ್ನು ಮೇಲಕ್ಕೆ ತಂದದ್ದು ಎಷ್ಟು ಸರಿಯೆಂದು ಇದನ್ನು ಓದಿದ ಮೇಲೆ ನಮಗೆ ತಿಳಿಯಿತು.

ಸರಿ, ಹುಡುಗನಿಗೆ ಅವನದೇ ಆದ ಸೂಟು ಕೊಡಿಸುವುದೆಂದು ನಿಶ್ಚಯಿಸಿದೆವು. ಒಂದು ಶನಿವಾರ ಆಟದ ಸಾಮಾನುಗಳ ದೊಡ್ಡ ಅಂಗಡಿಗೆ ಹೋದೆವು. ‘ಎಲ್’ ಅಳತೆಯದು ಮಣಿಕಟ್ಟಿಗೂ ಕಾಲಿಗೂ ಮುಟ್ಟಿತು. ಆದರೆ ಬೆನ್ನಿನಲ್ಲಿ ಹಿಡಿದೆಳೆದರೆ ಮುಷ್ಟಿಯಷ್ಟು ಬಟ್ಟೆ ಕೈಗೆ ಬಂತು. ‘ಎಮ್’ ಅಳತೆಯದು ಎದೆಗೆ ಚೆನ್ನಾಗಿ ಕೂತಿತು. ಆದರೆ ಹುಡುಗನಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಅಂಗಡಿಯವನು ದೊಡ್ಡದನ್ನೇ ಒಯ್ಯಿರಿ ಎಂದ. ನಮ್ಮ ತೀರ್ಥರೂಪರೇ ಅವನ ಬಾಯಲ್ಲಿ ಮಾತಾಡಿದಂತಾಯಿತು. ನಾಚಿಕೆಯಿಲ್ಲದೆ ಹೇಳುತ್ತೇವೆ, ಇಷ್ಟೆಲ್ಲ ಓದಿದ ಮೇಲೂ ನಮ್ಮ ಕೈ ಪಾಕೀಟಿನ ಕಡೆಗೆ ಹೋಯಿತು. “ಸ್ವಲ್ಪ ಮೈ ಬಂದರೆ ಸರಿಹೋದೀತು” ಎಂದೂ ಅಂದುಬಿಟ್ಟೆವು. ಹುಡುಗ ಏನೂ ಹೇಳಲಿಲ್ಲ. ನಮ್ಮ ಮುಖ ನೋಡಿದ ಅಷ್ಟೆ. ಕೊಳ್ಳದೆ ಬಂದೆವು.

ಆ ಸಂಜೆ ನಮ್ಮ ಬೀದಿಯ ದರ್ಜಿಯವರ ಹತ್ತಿರ ಹೋದೆವು. ಬಿಜಾಪುರದ ಕಡೆಯವರು, ನಲವತ್ತು ವರ್ಷ ಕತ್ತರಿ ಹಿಡಿದವರು. ದೊಡ್ಡ ಸೂಟನ್ನೇ ಕೊಂಡು ಅವರ ಕೈಯಲ್ಲಿ ಬದಿ ಹಿಡಿಸಬಹುದೇ ಎಂಬ ಯೋಚನೆ ನಮ್ಮದು. ಹುಡುಗ ಫೋನಿನಲ್ಲಿ ಸೂಟಿನ ಚಿತ್ರ, ಹೊಲಿಗೆಯ ಚಿತ್ರ ಎಲ್ಲ ತೋರಿಸಿದ. ಅವರು ಕನ್ನಡಕವೇರಿಸಿ ಬಹಳ ಹೊತ್ತು ನೋಡಿದರು.

“ಇದು ಅರಿವಿ ಅಲ್ರೀ ಸಾಹೇಬ್ರ, ಚರ್ಮದ ಮ್ಯಾಲ ಇನ್ನೊಂದು ಚರ್ಮ. ನನ್ನ ಮಷಿನ್ ಸೂಜಿ ಹೊಡದಷ್ಟೂ ತೂತ ಬೀಳ್ತಾವ. ನೀರು ಒಳಗ ಬರಂಗಿಲ್ಲೇನು?”

ಮಾತು ನಿಜ. ಒಳ್ಳೆಯ ಸೂಟಿನ ತುಂಡುಗಳನ್ನು ಮೊದಲು ಅಂಟಿನಿಂದ ಕೂಡಿಸಿ, ಆಮೇಲೆ ಸೂಜಿ ಬಟ್ಟೆಯ ಅರ್ಧ ದಪ್ಪಕ್ಕೆ ಮಾತ್ರ ಇಳಿದು ಮೇಲೆ ಬರುವಂತೆ ಹೊಲಿಯುತ್ತಾರೆ. ಈಚೆಯಿಂದ ಆಚೆಗೆ ತೂತು ಬೀಳುವುದಿಲ್ಲ. ಅಗ್ಗದ ಸೂಟುಗಳಲ್ಲಿ ನೇರ ಹೊಲಿಗೆ. ಅದರಲ್ಲಿ ನೀರು ಜಿನುಗುತ್ತದೆ.

ಆದರೂ ದರ್ಜಿಯವರು ನಮ್ಮನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಹುಡುಗನನ್ನು ನಿಲ್ಲಿಸಿ ಅಳತೆ ತೆಗೆದರು. ಎದೆ 37 ಅಂಗುಲ, ಸೊಂಟ 29. ಆಮೇಲೆ ನಾವು ಎಂದೂ ನೋಡದ ಒಂದು ಅಳತೆ: ಟೇಪನ್ನು ಹೆಗಲ ಮೇಲಿಟ್ಟು, ಎದೆಯ ಮೇಲಿಂದ ಇಳಿಸಿ, ಕಾಲುಗಳ ಸಂದಿನಿಂದ ಹಿಂದಕ್ಕೆ ತಂದು, ಬೆನ್ನ ಮೇಲಿಂದ ಮತ್ತೆ ಹೆಗಲಿಗೆ ಮುಟ್ಟಿಸಿದರು. “ತೋಳು ಗಿಡ್ಡ ಆದ್ರ ನಡೀತೈತಿ. ಕಾಲು ಗಿಡ್ಡ ಆದ್ರೂ ನಡೀತೈತಿ. ಇದು ಗಿಡ್ಡ ಆದ್ರ ಮನಷಾ ಬಗ್ಗೇ ನಿಲ್ಲಬೇಕು” ಎಂದರು. ಅಂಗಡಿಯಲ್ಲಿ ‘ಎಮ್’ ತೊಟ್ಟು ಹುಡುಗ ಏಕೆ ಬಗ್ಗಿದ್ದನೆಂದು ಆಗ ಅರ್ಥವಾಯಿತು. ಈ ಮುಂಡದ ಸುತ್ತಳತೆಯನ್ನು ಸೂಟು ತಯಾರಿಸುವ ಕೆಲವು ಕಂಪನಿಗಳೂ ಕೇಳುತ್ತವೆಂದು ಮುಂದೆ ತಿಳಿದಾಗ ನಮ್ಮ ದರ್ಜಿಯವರ ಮೇಲಿನ ಗೌರವ ಇಮ್ಮಡಿಯಾಯಿತು.

ಅಲ್ಲಿಂದ ಮುಂದೆ ಕೆಲಸ ನಮ್ಮ ಕಚೇರಿಯ ಶೈಲಿಯಲ್ಲಿ ನಡೆಯಿತು. ಒಂದು ಹಾಳೆಗೆ ಗೆರೆ ಹಾಕಿ, ಕಂಪನಿ ಕಂಪನಿಯ ಅಳತೆಪಟ್ಟಿಗಳನ್ನು ಬರೆದುಕೊಂಡೆವು. ಮೊದಲು ಕಂಡ ಸತ್ಯವೆಂದರೆ ಒಬ್ಬರ ‘ಎಮ್’ ಇನ್ನೊಬ್ಬರ ‘ಎಮ್’ ಅಲ್ಲ. ಎರಡನೆಯದು, ನಮ್ಮ ಹುಡುಗನಂಥವರು ಲೋಕದಲ್ಲಿ ಇನ್ನೂ ಇದ್ದಾರೆ ಎಂಬುದು! ಕೆಲವು ಕಂಪನಿಯವರು ‘ಎಮ್‌ಟಿ’, ‘ಎಲ್‌ಟಿ’ ಎಂಬ ಅಳತೆಗಳನ್ನು ಇಟ್ಟಿದ್ದಾರೆ. ‘ಟಿ’ ಎಂದರೆ ಟಾಲ್. ಎದೆ, ಸೊಂಟ ‘ಎಮ್’ನಷ್ಟೇ ಇರಿಸಿ, ಮುಂಡ, ತೋಳು, ಕಾಲುಗಳನ್ನು ಮಾತ್ರ ಉದ್ದ ಮಾಡಿದ್ದು. ಅಂಗಡಿಯಲ್ಲಿ ಇವನ್ನು ಇಡುವುದು ಅಪರೂಪವಾದ್ದರಿಂದ ಅಂಗಡಿಯವನು ಹೇಳಲಿಲ್ಲ. ಗೊತ್ತಿಲ್ಲದ ನಾವು ಕೇಳಲಿಲ್ಲ. ಇದೂ ಒಗ್ಗದಿದ್ದರೆ ಬೇರೆ ದಾರಿಗಳಿವೆ. ಮೈಯ ಅಳತೆಗಳನ್ನೆಲ್ಲ ಕಳಿಸಿ ಹೊಲಿಸಿಕೊಳ್ಳಬಹುದು, ಖರ್ಚು ಹೆಚ್ಚು, ಕಾಯಬೇಕು. ಮೇಲಿನದು ಬೇರೆ ಕೆಳಗಿನದು ಬೇರೆ ಎಂಬಂತೆ ಎರಡು ತುಂಡಿನ ಸೂಟುಗಳೂ ಉಂಟು. ಮೇಲಕ್ಕೊಂದು ಅಳತೆ ಕೆಳಕ್ಕೊಂದು ಅಳತೆ ಆರಿಸಿಕೊಳ್ಳಬಹುದು. ಆದರೆ ನಡುವಿನಲ್ಲಿ ಅವು ಒಂದರ ಮೇಲೊಂದು ಬೀಳುವಲ್ಲಿ ದಪ್ಪ, ನೆಟ್ಟಗೆ ಕೂರದಿದ್ದರೆ ಅಲ್ಲಿಯೇ ನೀರು.

ದಪ್ಪದ ವಿಚಾರದಲ್ಲಿಯೂ ಸ್ವಲ್ಪ ಚರ್ಚೆಯಾಯಿತು. ನಮ್ಮ ಕಡಲುಗಳಿಗೆ 3 ಮಿಲಿಮೀಟರು ಸಾಕೆನ್ನುತ್ತಾರೆ. ಬೇಗ ಚಳಿಯಾಗುವವರು 5 ತೊಡುತ್ತಾರೆ. ನಮ್ಮಾಕೆ 7 ಎಂದಳು. ಸ್ವೆಟರಿನ ಲೆಕ್ಕ ಅವಳದು. ದಪ್ಪ ಹೆಚ್ಚಿದಂತೆ ಕೈಕಾಲು ಮಡಿಸುವುದು ಕಷ್ಟ; ಸಡಿಲವಾದ 5ಕ್ಕಿಂತ ಮೈಗೆ ಹಿಡಿದ 3 ಬೆಚ್ಚಗಿರುತ್ತದೆಂದು ಕಲಿಸುವವರೂ ಫೋನಿನಲ್ಲಿ ಹೇಳಿದ ಮೇಲೆ, ಪೂರ್ತಿ ತೋಳು, ಪೂರ್ತಿ ಕಾಲಿನ 3 ಮಿಲಿಮೀಟರಿನದನ್ನೇ ತರಿಸಿದೆವು. ನೀರಿಗೆ ಇಳಿಸದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆಂಬುದನ್ನು ಮೊದಲೇ ಓದಿಕೊಂಡಿದ್ದೆವು. ಇದನ್ನು ಓದದೆ ಯಾರೂ ತರಿಸಬೇಡಿ.

ಮೊದಲು ಬಂದ ಸೂಟು ವಾಪಸು ಹೋಯಿತು. ಅದು ಎತ್ತರ ತೂಕ ನೋಡಿ ಆರಿಸಿದ್ದು. ತೊಟ್ಟಾಗ ಕಾಲುಗಳ ಸಂದು ಮೂರು ಬೆರಳು ಕೆಳಗೇ ನಿಂತಿತು. ಎಳೆದರೆ ಹೆಗಲು ಜಗ್ಗಿತು. ಎರಡನೆಯದು ಬೇರೆ ಕಂಪನಿಯ ‘ಎಮ್‌ಟಿ’. ಅದನ್ನು ತೊಡಿಸಿದ ಭಾನುವಾರವನ್ನು ನಾವು ಮರೆಯುವಂತಿಲ್ಲ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸುಲಭವಾಗಿ ಜಾರುತ್ತದೆಂದು ಓದಿದ್ದೆವು. ತರಕಾರಿಯ ಚೀಲ ಕೆಲಸಕ್ಕೆ ಬಂತು. ಉಗುರಿನಿಂದ ಎಳೆದರೆ ರಬ್ಬರು ಹರಿಯುತ್ತದೆ. ಬೆರಳಿನ ಮೆತ್ತೆಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಳ್ಳಬೇಕು. ಮೊಣಕಾಲಿಗೆ ಬಂದಾಗಲೇ ಹುಡುಗ ಬೆವತಿದ್ದ. ನಾವು ಒಂದು ಕಡೆ, ನಮ್ಮಾಕೆ ಒಂದು ಕಡೆ, ಹತ್ತು ವರ್ಷದ ನಮ್ಮ ಮಗ ಬೆನ್ನಿನ ಜಿಪ್ಪಿನ ದಾರ ಹಿಡಿದು. ಇಪ್ಪತ್ತು ನಿಮಿಷದ ಮೇಲೆ ಕರಿಯ ಸೀಲುಮೀನಿನಂತೆ ಹುಡುಗ ಫ್ಯಾನಿನ ಕೆಳಗೆ ನಿಂತ.

ಪರೀಕ್ಷೆ ಆಮೇಲೆ. ಸೊಂಟದ ಮೇಲೆ ಬೆನ್ನು ಒಳಕ್ಕೆ ತಗ್ಗಾಗುತ್ತದಲ್ಲ, ಸಪೂರದವರಿಗೆ ಮುಖ್ಯವಾದ ಜಾಗ ಅದೇ. ಅಲ್ಲಿ ಅಂಗೈಯಿಂದ ಒತ್ತಿದರೆ ಬಟ್ಟೆ ಪುಸುಪುಸು ಒಳಗೆ ಹೋಗಬಾರದು. ಅಲ್ಲೊಂದು ಪೊಳ್ಳು ಇದ್ದರೆ ಅದು ನೀರಿನ ತೊಟ್ಟಿ. ಕಂಕುಳು, ಮಂಡಿಯ ಹಿಂಭಾಗ, ಇವನ್ನೂ ಮುಟ್ಟಿ ನೋಡಿದೆವು. ಕೈ ಎರಡನ್ನೂ ಮೇಲೆತ್ತಿಸಿದೆವು, ಕುಕ್ಕುರುಗಾಲಿನಲ್ಲಿ ಕೂರಿಸಿದೆವು, ದೀರ್ಘವಾಗಿ ಉಸಿರೆಳೆಸಿದೆವು. ಮೈಯನ್ನು ಎಲ್ಲ ಕಡೆಯಿಂದ ಯಾರೋ ತಬ್ಬಿದಂತೆ ಇರಬೇಕು, ಉಸಿರು ಮಾತ್ರ ಕಟ್ಟಬಾರದು. ಕುತ್ತಿಗೆಯ ವಿಷಯದಲ್ಲಿ ಎಚ್ಚರ ಬೇಕು. ಸಡಿಲವಾದರೆ ನೀರು, ಬಹಳ ಬಿಗಿಯಾದರೆ ಕುತ್ತಿಗೆಯ ರಕ್ತನಾಳ ಒತ್ತಿ ತಲೆ ತಿರುಗುವುದುಂಟು. ಹತ್ತು ನಿಮಿಷ ತೊಟ್ಟೇ ಇರಲು ಹೇಳಿದೆವು, ತಲೆ ತಿರುಗಲಿಲ್ಲ. ಮಣಿಕಟ್ಟಿನಲ್ಲಿ ಮುಕ್ಕಾಲು ಅಂಗುಲ ಕಡಿಮೆ ಬಿದ್ದಿತ್ತು. “ತೋಳು ಗಿಡ್ಡವಾಯಿತು, ಇದನ್ನೂ ಕಳಿಸಿ” ಎಂದಳು ನಮ್ಮಾಕೆ. ದರ್ಜಿಯವರ ಮಾತನ್ನು ನೆನಪಿಸಿದೆವು. ತೋಳಿನ ಬಾಯಿ ಕೈಗೆ ಬಿಗಿಯಾಗಿ ಹಿಡಿದಿದ್ದರೆ ಮುಕ್ಕಾಲು ಅಂಗುಲ ಲೆಕ್ಕಕ್ಕಿಲ್ಲ. ಕಾಲಿನ ಕಡೆ ಕಡಿಮೆ ಬಿದ್ದದ್ದನ್ನು ರಬ್ಬರಿನ ಬೂಟು ಮುಚ್ಚುತ್ತದೆ. ಮುಂಡಕ್ಕೆ ಮುಚ್ಚಳವಿಲ್ಲ.

ಇನ್ನು ಅಕ್ಕನನ್ನು ಒಪ್ಪಿಸುವ ಕೆಲಸ. ಅದಕ್ಕೆ ಅಳತೆಪಟ್ಟಿ ಯಾವುದೂ ಇಲ್ಲ. ನಾವೇ ಜೊತೆಗೆ ಹೋಗುತ್ತೇವೆ, ನಡುಕ ಬಂದರೆ ಅಂದೇ ಕೊನೆ ಎಂದು ಮಾತು ಕೊಟ್ಟ ಮೇಲೆ, “ನಿನ್ನ ಜವಾಬ್ದಾರಿ” ಎಂದು ಫೋನಿಟ್ಟಳು. ಜನವರಿಯಲ್ಲಿ ರಜೆ ಹಾಕಿ, ಮತ್ಸ್ಯಗಂಧಾ ಗಾಡಿ ಹಿಡಿದು ಹೊರಟೆವು.

ನೀರಿಗಿಳಿಯುವ ಮೊದಲು ಕಲಿಸುವವರು ಸೀಸದ ತೂಕಗಳನ್ನು ಹೊಸದಾಗಿ ಲೆಕ್ಕ ಹಾಕಿದರು. ಸೂಟಿನ ಗುಳ್ಳೆಗಳು ಮನುಷ್ಯನನ್ನು ತೇಲಿಸುತ್ತವೆ. ಹೊಸದು ಇನ್ನೂ ಹೆಚ್ಚು. 10 ಮೀಟರಿಗೆ ಇಳಿದರೆ ಒತ್ತಡ ಇಮ್ಮಡಿಯಾಗಿ ಗುಳ್ಳೆಗಳು ಕುಗ್ಗುತ್ತವೆ, ಬಟ್ಟೆ ತೆಳ್ಳಗಾಗುತ್ತದೆ, ತೇಲಿಸುವ ಶಕ್ತಿಯೂ ಬೆಚ್ಚಗಿಡುವ ಶಕ್ತಿಯೂ ಇಳಿಯುತ್ತವೆ. ಸೂಟು ಬದಲಾದರೆ ತೂಕವನ್ನೂ ಬದಲಾಯಿಸಿಯೇ ಇಳಿಯಬೇಕು.

ಹುಡುಗ ದೋಣಿಯ ಅಂಚಿನಿಂದ ನೀರಿಗೆ ಬಿದ್ದ. ನಾವು ಗಡಿಯಾರ ನೋಡಿದೆವು. ಕಡಲು ತಿಳಿಯಾಗಿದ್ದರೂ ನಿಂತ ದೋಣಿ ತೂಗುತ್ತದೆ. ಬೆಳಿಗ್ಗೆ ತಿಂದ ಅವಲಕ್ಕಿ ಕಡಲ ಪಾಲಾಯಿತು. ಹತ್ತು ನಿಮಿಷ, ಹದಿನೈದು. ಹಿಂದಿನ ವರ್ಷ ಅವನು ಮೇಲೆ ಬಂದದ್ದು ಸುಮಾರು ಈ ಹೊತ್ತಿಗೆ. ಇಪ್ಪತ್ತು. ನೀರಿನ ಮೇಲೆ ಬರುವ ಗುಳ್ಳೆಗಳನ್ನೇ ನೋಡುತ್ತ ಕುಳಿತೆವು. ಅಕ್ಕನಿಗೆ ಕೊಟ್ಟ ಮಾತು ನೆನಪಿತ್ತು. ಮೂವತ್ತೆಂಟನೆಯ ನಿಮಿಷಕ್ಕೆ ತಲೆಯೊಂದು ಮೇಲೆದ್ದಿತು. ಮೊದಲು ನೋಡಿದ್ದು ತುಟಿಯನ್ನು. ಕೆಂಪಗೇ ಇತ್ತು.

“ಮಾಮ, ಮೊದಲು ಬೆನ್ನ ಮೇಲೆ ಒಂದೇ ಒಂದು ತಂಬಿಗೆ. ಆಮೇಲೆ ಇಲ್ಲ” ಎಂದ. ಆಮೇಲೆ ಗಿಳಿಮೀನು ಕಂಡದ್ದು, ಬಂಡೆಯ ಸಂದಿನಿಂದ ಹಾವುಮೀನು ಬಾಯಿ ತೆರೆದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದ. ಒದ್ದೆ ಸೂಟಿನಲ್ಲಿ ಗಾಳಿಗೆ ಕೂತರೆ ದೋಣಿಯ ಮೇಲೆಯೇ ಚಳಿ ಹಿಡಿಯುತ್ತದೆಂದು ನಮ್ಮ ಮಳೆಕೋಟನ್ನು ಅವನಿಗೆ ಹೊದಿಸಿದೆವು. ಅದೂ ಅವನಿಗೆ ಮೊಣಕೈವರೆಗೇ ಬಂತು. ಮರುದಿನಕ್ಕೆ ನಾಲ್ಕೂ ಮುಗಿದವು. ಆ ರಾತ್ರಿ ಹೊನ್ನಾವರದಲ್ಲಿ ಅಕ್ಕ ಏನನ್ನೂ ಕೇಳಲಿಲ್ಲ. ಅವನ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು ಬಿಸಿಯಿದೆಯೇ ಎಂದು ನೋಡಿ, ಊಟಕ್ಕೆ ಬಡಿಸಿದಳು.

ಈಗ ಸೂಟು ನಮ್ಮ ಮುಂಬಯಿಯ ಮನೆಯಲ್ಲಿದೆ. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದು, ಅಗಲವಾದ ಹ್ಯಾಂಗರಿಗೆ ಹಾಕಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ರಬ್ಬರು ಬಿರುಸಾಗುತ್ತದೆ. ಮೊದಲ ರಾತ್ರಿ ಬಚ್ಚಲುಮನೆಯಲ್ಲಿ ತೂಗುಹಾಕಿದ್ದನ್ನು ಮರೆತು ದೀಪ ಹಾಕದೆ ಹೋಗಿ, ನಾವು ಕೂಗಿಕೊಂಡದ್ದು ಕೆಳಗಿನ ಮನೆಯವರಿಗೂ ಕೇಳಿತಂತೆ. ಮೊನ್ನೆ ನಮ್ಮಾಕೆ ಅದನ್ನು ಮಡಿಸದೆ ಕಪಾಟಿನಲ್ಲಿ ಜೋಪಾನವಾಗಿ ತೂಗುಹಾಕುತ್ತ, ಹತ್ತು ವರ್ಷದ ಮಗನನ್ನು ಕರೆದು ಅದರ ಪಕ್ಕದಲ್ಲಿ ನಿಲ್ಲಿಸಿದಳು. ಅವನ ತಲೆ ಅದರ ಎದೆಗೂ ಮುಟ್ಟುವುದಿಲ್ಲ.

“ಇರಲಿ” ಎಂದಳು, “ಹೇಗೂ ಬೆಳೆಯುವ ಹುಡುಗ.”